ಆಚೆ ಸಾಲಿನ ರಾಗಿ

ಹೊಸೂರು
೧೯೪೭ ಜನವರಿ ೧೦

ಅಕ್ಕ ಮುನಿರತ್ನಮ್ಮನಿಗೆ ಆವುಲಪ್ಪನ ನಮಸ್ಕಾರ.

ಭಾವನ ಸೊಂಟ ಹೇಗಿದೆ? ರಾಗಿ ಕಾಯುವ ಅಟ್ಟಣೆಯ ಕಾಲನ್ನು ಆನೆ ಮುರಿದು ಅವರನ್ನು ಕೆಡವಿದ ಸುದ್ದಿ ಬಂದಾಗ ನಾನು ಮದರಾಸಿನಲ್ಲಿದ್ದೆ. ಆಸ್ಪತ್ರೆಯಿಂದ ಅವರನ್ನು ಗಾಡಿಯಲ್ಲಿ ಊರಿಗೆ ಕರೆದುಕೊಂಡು ಹೋದಿರಿ ಎಂದು ಕೆಲಮಂಗಲದ ಅಂಗಡಿ ಅಶ್ವತ್ಥಪ್ಪ ಹೇಳಿದ. ಆಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ನನ್ನ ಮೇಲೆ ಕೋಪವಿದ್ದರೆ ಬೈದಾದರೂ ಬರೆ.

ಮುಂದಿನ ತಿಂಗಳು ಮದರಾಸಿನಲ್ಲಿ ಶಾಸನಸಭೆಯ ಅಧಿವೇಶನ. ಸದಸ್ಯರು ತಾವಾಗಿ ಒಂದು ವಿಷಯ ತರುವುದಕ್ಕೆ ಸಭೆಯಲ್ಲಿ ಚೀಟಿ ಎತ್ತುತ್ತಾರೆ. ಈ ಸಲ ಆ ಚೀಟಿಯಲ್ಲಿ ನನ್ನ ಹೆಸರು ಬಂದಿದೆ. ಒಂದೇ ವಿಷಯ, ಒಂದೇ ಸಲ. ಇದು ತಿಳಿದಂದಿನಿಂದ ನನ್ನ ಜಗಲಿ ಸಂತೆಯಾಗಿಬಿಟ್ಟಿದೆ. ಕೆಲಮಂಗಲದವರಿಗೆ ಸಂತೆಗೆ ಹೋಗುವ ರಸ್ತೆ ಬೇಕು. ಡೆಂಕಣಿಕೋಟೆಯವರಿಗೆ ಲೇಡಿ ಡಾಕ್ಟರು ಬೇಕು. ನಮ್ಮ ವೆಂಕಟರಾಮಪ್ಪನವರಿಗೆ ಹೊಸೂರಿನಲ್ಲಿ ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಕು. ಚುನಾವಣೆಯಲ್ಲಿ ನನ್ನ ಜೊತೆ ಹಳ್ಳಿಹಳ್ಳಿ ಸುತ್ತಿ ಗಂಟಲು ಹರಿದುಕೊಂಡ ಮನುಷ್ಯ. ಅವರ ಮನೆಯಲ್ಲಿ ಓದು ನಿಂತ ಇಬ್ಬರು ಹುಡುಗಿಯರು ಕಿಟಕಿಯಲ್ಲಿ ಕೂತಿರುತ್ತಾರೆ. ನಾನು ಹೋದಾಗಲೆಲ್ಲ ನನ್ನನ್ನೇ ನೋಡುತ್ತಾರೆ. ನನ್ನ ಮನಸ್ಸೂ ಆ ಕಡೆಗೇ ಇದೆ.

ಆದರೂ ನಿನ್ನನ್ನು ಕೇಳದೆ ತೀರ್ಮಾನ ಮಾಡಬಾರದು ಅನ್ನಿಸಿತು. ನಿಮ್ಮೂರಿಗೆ ಏನು ಬೇಕು, ಹೇಳು.

ನಿನ್ನ ತಮ್ಮ
ಆವುಲಪ್ಪ


ನಾಟ್ರಾಂಪಾಳ್ಯ
೧೯೪೭ ಜನವರಿ ೨೪

ಆವುಲಾ,

ಇಲ್ಲಿ ತಿನ್ನುವುದಕ್ಕೂ ಮಲಗುವುದಕ್ಕೂ ಕೊರತೆಯಿಲ್ಲ. ಅಷ್ಟನ್ನೇ ಕ್ಷೇಮ ಅಂದುಕೊ.

ನಿನ್ನ ಕಾಗದ ಓದಿ ಹೇಳಿದೆ. ನಿನ್ನ ಭಾವ ಮಲಗಿದ್ದಲ್ಲೇ ನಕ್ಕರು. "ನಮ್ಮೂರ್ಗೆ ಏನು ಬೇಕೂಂತ ಕೇಳವ್ನಾ? ಮೊದ್ಲು ನಮ್ಮೂರ್ಗೆ ದಾರಿ ಯಾವ್ದೂಂತ ಕೇಳ್ಕಂಡು ಬರಕ್ಕೆ ಯೋಳಮ್ಮಿ" ಅಂದರು. ಓಟು ಮುಗಿದ ಮೇಲೆ ನೀನು ಅಂಚೆಟ್ಟಿ ದಾಟಿ ಈ ಕಡೆ ತಲೆ ಹಾಕಿಲ್ಲ. ದೊಡ್ಡ ಮನುಷ್ಯನಾದೆ, ಇರಲಿ.

ಅವರು ಗೋಡೆಗೆ ಒರಗಿ ಕೂರುತ್ತಾರೆ. ಇನ್ನು ನಡೆಯುವುದಿಲ್ಲ. ಇದನ್ನು ಪಂಡಿತರು ನನಗೆ ಹೇಳಲಿಲ್ಲ, ಹೊರಗೆ ಊರಿನ ಯಜಮಾನ ಮುತ್ತರಾಯಪ್ಪನವರಿಗೆ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನಿನ್ನ ಭಾವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತು ಎತ್ತುವುದಿಲ್ಲ.

ಏನು ಬೇಕು ಅಂತ ಕೇಳಿದೆಯಲ್ಲ, ಹೇಳುತ್ತೇನೆ. ಕಾಡಿಗೂ ನಮ್ಮ ಹೊಲಗಳಿಗೂ ನಡುವೆ ಒಂದು ಕಂದಕ ಬೇಕು. ಆನೆ ದಾಟಲಾರದಷ್ಟು ಆಳ, ಅಗಲ. ನಾವೇ ತೋಡೋಣವೆಂದರೆ ಗಡಿಕಲ್ಲಿನ ಹತ್ತಿರ ಗುದ್ದಲಿ ಬಿದ್ದರೆ ಸಾಕು, ಫಾರೆಸ್ಟ್ ಗಾರ್ಡು ಬಂದು ನಿಲ್ಲುತ್ತಾನೆ. ಕಾಡು ಸರ್ಕಾರದ್ದಂತೆ, ಅದರ ಒಂದು ಹಿಡಿ ಮಣ್ಣೂ ಸರ್ಕಾರದ್ದಂತೆ.

ಬರುವ ಕಾರ್ತಿಕಕ್ಕೆ ರಾಗಿ ತೆನೆ ಕಟ್ಟಿದಾಗ ನಮ್ಮ ಮನೆಯಿಂದ ಅಟ್ಟಣೆ ಹತ್ತುವವರು ಯಾರು? ಮೈದುನ ಕೋಲಾರದ ಚಿನ್ನದ ಗಣಿ ಸೇರಿ ಆಯಿತು. ಉಳಿದವರು ನಾನು, ಅವನ ಹೆಂಡತಿ ಪಾಪಮ್ಮ. ಹತ್ತುತ್ತೇವೆ, ನಮಗೇನೂ ಹೆದರಿಕೆಯಿಲ್ಲ ಎಂದು ಬರೆಯಬೇಕು ಅಂದುಕೊಂಡೆ. ಸುಳ್ಳು. ತುಂಬ ಹೆದರಿಕೆ ಇದೆ ಕಣೋ. ಅವರು ಬಿದ್ದಾಗ ಆದ ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ.

ನನಗೆ ಓಟಿಲ್ಲ. ಈ ಊರಿನಲ್ಲಿ ಓಟಿರುವವರು ಬೆರಳೆಣಿಕೆ ಮಂದಿ. ಆದ್ದರಿಂದ ಎಂ.ಎಲ್.ಎ. ಸಾಹೇಬರಿಗೆ ಇದನ್ನು ಬರೆಯುತ್ತಿಲ್ಲ. ಮರಳಿನ ಮೇಲೆ ಕೈ ಹಿಡಿದು ಅ ಆ ತಿದ್ದಿಸುವಾಗ ಮೂಗು ಸುರಿಸಿಕೊಂಡು ಅಳುತ್ತಿದ್ದನಲ್ಲ, ಆ ಹುಡುಗನಿಗೆ ಬರೆಯುತ್ತಿದ್ದೇನೆ.

ಇಂತಿ ನಿನ್ನ ಅಕ್ಕ
ಮುನಿರತ್ನ


ಹೊಸೂರು
೧೯೪೭ ಫೆಬ್ರವರಿ ೬

ಅಕ್ಕ,

ನಿನ್ನ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ವೆಂಕಟರಾಮಪ್ಪನವರ ಮನೆಗೆ ಹೋದೆ. ಹೈಸ್ಕೂಲು ಈ ಸಲ ಬೇಡ, ಕಂದಕ ಮೊದಲು ಎಂದೆ. ಅವರು ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದರು. ಆಮೇಲೆ, "ಅಲ್ಲಯ್ಯಾ, ಆನೆಗೆ ಓಟೈತೇನಯ್ಯಾ?" ಎಂದರು. ನಾನು, "ನಿಮ್ಮ ಹುಡುಗಿಯರಿಗೂ ಇಲ್ಲವಲ್ಲ" ಎಂದೆ. ಹಾಗೆ ಹೇಳಬಾರದಿತ್ತು. ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ಹೋಗಲಿ. ನಿನ್ನನ್ನು ಕೇಳಿದ ಮೇಲೆ ಅದು ಕೊಟ್ಟ ಮಾತೇ. ನಾಳೆ ಜೋಲಾರಪೇಟೆಯಲ್ಲಿ ರೈಲು ಹತ್ತುತ್ತೇನೆ. ಕಂದಕದ ವಿಷಯವನ್ನೇ ಬರೆದು ಕೊಟ್ಟಿದ್ದೇನೆ, ಸ್ವೀಕಾರವಾಗಿದೆ. ಈ ಕಾರ್ತಿಕಕ್ಕೆ ನೀನು ಅಟ್ಟಣೆ ಹತ್ತುವುದು ಬೇಡ. ಭಾವನಿಗೆ ಹೇಳು, ದಾರಿ ನೆನಪಿದೆ, ಒಳ್ಳೆಯ ಸುದ್ದಿ ಹಿಡಿದುಕೊಂಡೇ ಬರುತ್ತೇನೆ.

ನಿನ್ನ ಆವುಲ


ಮದರಾಸು
೧೯೪೭ ಮಾರ್ಚ್ ೧೯

ಅಕ್ಕ,

ಪೇಪರಿನಲ್ಲಿ ಬಂದಿದ್ದರೂ ಬಂದಿರಬಹುದು. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮಾತು ಚೆನ್ನಾಗಿಯೇ ಶುರುವಾಯಿತು. ನಮ್ಮ ಕಡೆಯ ತಮಿಳು, ನಡುವೆ ತೆಲುಗೂ ನುಗ್ಗಿತು. ಆದರೂ ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು. ಭಾವನ ವಿಷಯ ಹೇಳಿದಾಗ ಮುಂದಿನ ಸಾಲಿನವರೂ ನನ್ನ ಕಡೆ ತಿರುಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಮ್ಮ ಜನ ಆನೆಯ ಶತ್ರುಗಳಲ್ಲ, ಎಂಥ ಒಳ್ಳೆಯ ಮನಸ್ಸಿನವರು ನೋಡಿ ಎಂದು ತೋರಿಸುವ ಆಸೆ ಹುಟ್ಟಿತು. ಅಮ್ಮ ನೆನಪಾದಳು. ರಾಗಿ ಕೊಯ್ಯುವಾಗ ಕಾಡಿನ ಕಡೆಯ ಆಚೆ ಸಾಲುಗಳನ್ನು ಆನೆಯ ಪಾಲು ಎಂದು ಕೊಯ್ಯದೆ ಬಿಡುತ್ತಿದ್ದೆವಲ್ಲ, ಅದನ್ನು ಹೇಳಿದೆ. "ತಗಳಪ್ಪ ದೊಡ್ಡಯ್ಯ, ನಿನ್ ಪಾಲು ನಿಂಗೆ, ನನ್ ಪಾಲು ನಂಗೆ" ಎಂದು ಅಮ್ಮ ಕೈಮುಗಿಯುತ್ತಿದ್ದುದನ್ನು ಹೇಳಿದೆ. ಪಾಲು ಬಿಟ್ಟ ದಿನ ಮನೆಗೆ ಬಂದು ಕಾಲು ತೊಳೆದು ಹೊಸಿಲಿನ ಮೇಲೆ ದೀಪ ಇಡುತ್ತಿದ್ದುದನ್ನೂ ಹೇಳಿದೆ. ಇಂದಿಗೂ ನನ್ನ ಅಕ್ಕ ಗಂಡನ ಮನೆಯಲ್ಲಿ ಹಾಗೆಯೇ ಮಾಡುತ್ತಾಳೆ ಎಂದೆ.

ಮಂತ್ರಿಗಳು ಎದ್ದು ನಿಂತರು. "ಮಾನ್ಯ ಸದಸ್ಯರ ಊರಿನವರು ತಾವೇ ಆನೆಗಳನ್ನು ಔತಣಕ್ಕೆ ಕರೆಯುತ್ತಾರೆ. ಕರೆದ ನೆಂಟರು ಬಂದರು ಎಂದು ಸರ್ಕಾರಕ್ಕೆ ದೂರು ಕೊಟ್ಟರೆ ನಾವೇನು ಮಾಡೋಣ?" ಎಂದರು. ಸಭೆಗೆ ಸಭೆಯೇ ನಕ್ಕಿತು.

ಅಕ್ಕ, ನಾನೂ ನಕ್ಕೆ. ಯಾಕೆ ನಕ್ಕೆನೋ ತಿಳಿಯದು. ಎಲ್ಲರೂ ನಗುವಾಗ ಒಬ್ಬನೇ ಗಂಟುಮುಖ ಹಾಕಿಕೊಂಡು ನಿಲ್ಲಲು ಆಗಲಿಲ್ಲ. ನಗುನಗುತ್ತಲೇ ಗೊತ್ತುವಳಿಯನ್ನು ವಾಪಸು ತೆಗೆದುಕೊಂಡೆ. ಹೊರಗೆ ಬಂದಾಗ ಇಬ್ಬರು ಬೆನ್ನು ತಟ್ಟಿ, ಚೆನ್ನಾಗಿ ಮಾತಾಡಿದಿರಿ ಎಂದರು.

ನಿನಗೆ ಯಾವ ಮುಖ ತೋರಿಸಲಿ?

ಆವುಲಪ್ಪ


ಹೊಸೂರು
೧೯೪೭ ಜುಲೈ ೩೦

ಅಕ್ಕ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ಇದು ಮೂರನೆಯದು.

ಹೋದ ವಾರ ಡೆಂಕಣಿಕೋಟೆಯ ತನಕ ಬಂದಿದ್ದೆ. ಭಾವನಿಗೆಂದು ನೋವಿನ ಎಣ್ಣೆಯನ್ನೂ ತಂದಿದ್ದೆ. ಅಂಚೆಟ್ಟಿಯ ಹಳ್ಳ ತುಂಬಿದೆ, ಗಾಡಿ ದಾಟುವುದಿಲ್ಲ ಎಂದರು. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಎಣ್ಣೆಯನ್ನು ಟಪಾಲಿನವನ ಕೈಗೆ ಕೊಟ್ಟು ತಿರುಗಿ ಬಂದೆ.

ಇನ್ನು ಎರಡು ವಾರಕ್ಕೆ ಸ್ವಾತಂತ್ರ್ಯ. ಹೊಸೂರಿನಲ್ಲಿ ತೋರಣ ಕಟ್ಟುವುದಕ್ಕೆ ಈಗಲೇ ಮಾವಿನ ಮರ ಗೊತ್ತು ಮಾಡುತ್ತಿದ್ದಾರೆ. ಬಾವುಟ ಹಾರಿಸಲು ನನ್ನನ್ನು ಕರೆದಿದ್ದಾರೆ. ವೆಂಕಟರಾಮಪ್ಪನವರು ಬರುವುದಿಲ್ಲವಂತೆ.

ಒಂದು ಸಾಲು ಬರೆ. ಬೈಗುಳವಾದರೂ ಸರಿ.

ಆವುಲ


ನಾಟ್ರಾಂಪಾಳ್ಯ
೧೯೪೭ ಡಿಸೆಂಬರ್ ೨೧

ಆವುಲಪ್ಪನಿಗೆ,

ಎಣ್ಣೆ ತಲುಪಿತು. ಹಚ್ಚುತ್ತಿದ್ದೇನೆ.

ನೀನು ಕಂದಕ ತರಲಿಲ್ಲ ಅಂತ ನನಗೆ ಕೋಪವಿಲ್ಲ. ಸರ್ಕಾರ ಇಲ್ಲ ಅನ್ನುವುದನ್ನು ನಾವು ಹೊಸದಾಗಿ ಕೇಳುತ್ತಿಲ್ಲ. ನೀನು ನಕ್ಕೆಯಲ್ಲ, ಅದನ್ನು ನುಂಗಿಕೊಳ್ಳಲು ಇಷ್ಟು ದಿನ ಬೇಕಾಯಿತು. ಅಮ್ಮ ಕೈಮುಗಿದದ್ದನ್ನು ಹೇಳಿ ಆಮೇಲೆ ಅವರ ಜೊತೆ ಸೇರಿ ನಕ್ಕೆಯಲ್ಲೋ.

ಪೇಪರಿನ ಸುದ್ದಿ ಅಂಚೆಟ್ಟಿಯ ಮೇಲೆ ನಮ್ಮೂರಿಗೂ ಬಂತು. ಕೊಯ್ಲಿಗೆ ಮುಂಚೆ ಮುತ್ತರಾಯಪ್ಪನವರು ಎಲ್ಲರನ್ನೂ ಅರಳಿಕಟ್ಟೆಗೆ ಕರೆಸಿದರು. "ನಾವು ಪಾಲು ಬುಡ್ತೀವಿ ಅಂತ ಅಲ್ಲಿ ಕುಂತ್ಕಂಡು ನಗ್ತವ್ರೆ. ಈ ವರ್ಸ ಒಬ್ರೂ ಬುಡಬ್ಯಾಡ್ರಿ. ಒಂದು ತೆನೆ ಬುಟ್ರೂ ನಾನು ಸುಮ್ಕಿರಾಕಿಲ್ಲ" ಅಂದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ತೆನೆ ಕಟ್ಟಿದಾಗ ನಾನೂ ಪಾಪಮ್ಮನೂ ಅಟ್ಟಣೆ ಹತ್ತಿದೆವು. ತಗಡು ಬಡಿದೆವು, ಕೂಗಿದೆವು. ಪಾಪಮ್ಮ ಹೆದರಿಕೆಗೆ ತನ್ನ ಮದುವೆಯ ಹಾಡುಗಳನ್ನೆಲ್ಲ ಹಾಡಿ ಮುಗಿಸಿದಳು. ದೇವರು ದೊಡ್ಡವನು, ಬೆಳೆ ಉಳಿಯಿತು. ಕೊಯ್ಲಿನ ದಿನ ಎಲ್ಲರೂ ಗಡಿಕಲ್ಲಿನ ತನಕ ಕೊಯ್ದರು. ನಾನೂ ಆಚೆ ಸಾಲಿಗೆ ಕುಡುಗೋಲು ಹಾಕಿದೆ. ಈ ಮನೆಗೆ ಕಾಲಿಟ್ಟ ಮೇಲೆ ಆ ಸಾಲುಗಳನ್ನು ನನ್ನ ಕೈ ಕೊಯ್ದದ್ದು ಇದೇ ಮೊದಲು.

ಮನೆಗೆ ಬಂದೆ. ನಿನ್ನ ಭಾವ ಗೋಡೆಗೆ ಒರಗಿ ಕೂತಿದ್ದರು. "ಪಾಲು ಬುಟ್ಯಾ ಅಮ್ಮಿ?" ಅಂತ ಕೇಳಿದರು. ಆನೆಯಿಂದಲೇ ಸೊಂಟ ಮುರಿದುಕೊಂಡವರು ಮೊದಲು ಕೇಳಿದ್ದು ಆನೆಯ ಪಾಲನ್ನು. ಆಗ ನಾನು ಏನು ಹೇಳಲಿ? "ಬುಟ್ಟಿವ್ನಿ" ಅಂದೆ. ಸರಿ ಅಂದು ಕಣ್ಣು ಮುಚ್ಚಿದರು. ಮದುವೆಯಾದಾಗಿನಿಂದ ಅವರ ಮುಂದೆ ಒಂದು ಸುಳ್ಳೂ ಆಡಿದವಳಲ್ಲ ನಾನು. ಹೋಳಿಗೆ ಸೀದರೆ ಸೀದಿದೆ ಅಂತಲೇ ಬಡಿಸಿದವಳು.

ಕೊಯ್ಲಾದ ಮೇಲೆ ಆನೆ ಬಂದವು. ಆಚೆ ಸಾಲಿನಲ್ಲಿ ಏನೂ ಸಿಗದೆ ಕಣದ ತನಕ ನುಗ್ಗಿ ಮುನಿಗಂಗಮ್ಮನ ರಾಗಿ ಮೆದೆಯನ್ನು ಎಳೆದು ಚೆಲ್ಲಾಡಿದವು. ಗಂಡನಿಲ್ಲದ ಹೆಂಗಸು, ವರ್ಷದ ಕೂಳು. ಅವಳು ನಮ್ಮ ಯಾರ ಮೇಲೂ ಕೂಗಾಡಲಿಲ್ಲ. ಅದೇ ಕಷ್ಟ. ಮಾರನೆಯ ದಿನ ಗಾರ್ಡು ಬಂದು, ಯಾರಾದರೂ ಆನೆಗೆ ಕಲ್ಲು ಗಿಲ್ಲು ಹೊಡೆದೀರಿ, ಅವು ಸರ್ಕಾರದ ಆನೆ ಅಂತ ಹೇಳಿ ಹೋದ. ಊರಿನವರೆಲ್ಲ ಅವಳಿಗೆ ಮೊರ ಮೊರ ರಾಗಿ ಹಾಕಿ ಮೂಟೆ ತುಂಬಿಸಿದೆವು.

ಅಶ್ವತ್ಥಪ್ಪ ಹುಣಿಸೆಹಣ್ಣಿನ ವ್ಯಾಪಾರಕ್ಕೆ ಮದರಾಸಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಒಂದು ಕಂತೆ ತೆನೆ ಕಳಿಸಿದ್ದೇನೆ. ನಮ್ಮ ಹೊಲದ ಆಚೆ ಸಾಲಿನದು. ಆನೆಯ ಬಾಯಿಂದ ಕಿತ್ತದ್ದು. ಇದನ್ನು ಬೀಸಿ ಮುದ್ದೆ ಮಾಡಲು ನನಗೆ ಕೈ ಬರುವುದಿಲ್ಲ. ಮನೆಯಲ್ಲಿ ಇಟ್ಟುಕೊಂಡರೆ ಅವರ ಮುಖ ನೋಡಲಾಗುವುದಿಲ್ಲ. ನೀನೇ ಇಟ್ಟುಕೊ. ತಿನ್ನುವುದಾದರೆ ತಿನ್ನು.

ಮುನಿರತ್ನಮ್ಮ


ಮದರಾಸು
೧೯೪೮ ಮಾರ್ಚ್ ೧೨

ಅಕ್ಕ,

ಕಂತೆ ನನ್ನ ಕೋಣೆಯ ಮೇಜಿನ ಮೇಲೆ ಎರಡು ತಿಂಗಳಿಗೂ ಮೇಲೆ ಇತ್ತು. ಕೋಣೆಗೆ ಬಂದವರೆಲ್ಲ ಇದೇನು ಎಂದು ಕೇಳುತ್ತಿದ್ದರು. ನನ್ನ ಅಕ್ಕ ಕಳಿಸಿದ ಬೈಗುಳ ಎನ್ನುತ್ತಿದ್ದೆ.

ಬಜೆಟ್ ಅಧಿವೇಶನದಲ್ಲಿ ನನಗೆ ಮಾತಾಡಲು ಪಕ್ಷದವರು ಕೊಟ್ಟದ್ದು ಒಂದೇ ಸರದಿ. ವಿದ್ಯಾಭ್ಯಾಸ ಇಲಾಖೆಯ ಚರ್ಚೆಯ ದಿನ ಹೈಸ್ಕೂಲಿನ ವಿಷಯ ಮಾತಾಡುತ್ತೇನೆ ಎಂದು ವೆಂಕಟರಾಮಪ್ಪನವರಿಗೆ ಹೇಳಿ ಕಳಿಸಿ ಆಗಷ್ಟೇ ರಾಜಿಯಾಗಿದ್ದೆ. ಕೊನೆಯಲ್ಲಿ ಹೋಗಿ ಅದನ್ನು ಅರಣ್ಯ ಇಲಾಖೆಯ ದಿನಕ್ಕೆ ಬದಲಾಯಿಸಿಕೊಂಡೆ. ಅವರು ಇನ್ನು ನನ್ನ ಮನೆ ಮೆಟ್ಟಿಲು ಹತ್ತಲಿಕ್ಕಿಲ್ಲ.

ನಾಲ್ಕು ತೆನೆ ಜೇಬಿನಲ್ಲಿಟ್ಟುಕೊಂಡು ಹೋದೆ. ನನ್ನ ಸರದಿ ಬಂದಾಗ ತೆಗೆದು ಮುಂದಿನ ಹಲಗೆಯ ಮೇಲೆ ಇಟ್ಟೆ. ಹೇಳಿದೆ: "ಹೋದ ವರ್ಷ ಇಲ್ಲಿ ಆನೆಯ ಪಾಲಿನ ಮಾತಿಗೆ ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಆ ನಗು ನಮ್ಮೂರಿಗೆ ಕೇಳಿಸಿತು. ಈ ವರ್ಷ ಅವರು ಪಾಲು ಬಿಡಲಿಲ್ಲ. ಬಿಡದೆ ಹೋದದ್ದಕ್ಕೆ ಒಬ್ಬ ವಿಧವೆಯ ಕಣ ಹಾಳಾಯಿತು. ಕಾಡು ಸರ್ಕಾರದ್ದು, ಆನೆ ಸರ್ಕಾರದ್ದು ಎಂದು ನಿಮ್ಮ ಗಾರ್ಡು ಹೇಳುತ್ತಾನೆ. ಹಾಗಾದರೆ ಸರ್ಕಾರದ ಆನೆಗೆ ಇಷ್ಟು ಕಾಲ ಮೇವು ಹಾಕಿದವರು ನಾವು. ಆ ಮೇವು ಬೆಳೆದ ನೆಲಕ್ಕೆ ಕಂದಾಯ ಕಟ್ಟಿದವರೂ ನಾವು. ನಿಮ್ಮ ಕಾಡಿನಲ್ಲಿ ಒಂದು ಹಿಡಿ ಮಣ್ಣೂ ಕೇಳುವುದಿಲ್ಲ. ಆಚೆ ಸಾಲುಗಳನ್ನು ನಾವು ಮೊದಲಿನ ಹಾಗೆಯೇ ಬಿಡುತ್ತೇವೆ. ಆ ಸಾಲುಗಳ ಈಚೆಗೆ, ನಮ್ಮ ನೆಲದಲ್ಲೇ, ಕಂದಕ ತೋಡಿಸಿ. ಆಚೆ ಉಳಿದ ನೆಲದ ಕಂದಾಯ ಬಿಡಿ."

ಯಾರೂ ನಗಲಿಲ್ಲ. ಮಂತ್ರಿಗಳು ಬರೆದುಕೊಂಡರು. ಆಮೇಲೆ ಹೊರಗೆ ಸಿಕ್ಕಿ, ಒಂದು ತೆನೆ ಕೈಗೆ ತೆಗೆದುಕೊಂಡು, ಇದನ್ನು ಹೇಗೆ ತಿನ್ನುತ್ತಾರೆ ಎಂದು ಕೇಳಿದರು. ಅವರ ಕಡೆ ಅನ್ನವೇ ಹೆಚ್ಚು, ರಾಗಿ ಕಂಡವರಲ್ಲ. ಹೇಳಿಕೊಟ್ಟೆ. ಹೋದ ವರ್ಷದ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ ಎಂದರು. ಕೆಟ್ಟ ಮನುಷ್ಯರಲ್ಲ ಅಕ್ಕ. ಏಪ್ರಿಲಿನಲ್ಲಿ ಅಳತೆಗೆ ಆಫೀಸರು ಬರುತ್ತಾರೆ.

ಆದರೆ ನಿಮ್ಮನ್ನು ಯಾರನ್ನೂ ಕೇಳದೆ ನಿಮ್ಮ ನೆಲವನ್ನು ಕಂದಕದಾಚೆಗೆ ಬಿಟ್ಟುಕೊಟ್ಟು ಬಂದೆ. ಊರು ಒಪ್ಪದಿದ್ದರೆ ಹೇಳು, ಬಂದು ಅರಳಿಕಟ್ಟೆಯ ಮುಂದೆ ನಿಲ್ಲುತ್ತೇನೆ.

ಉಳಿದ ತೆನೆಯನ್ನು ಅಶ್ವತ್ಥಪ್ಪನ ಕೈಯಲ್ಲಿ ವಾಪಸು ಕಳಿಸಿದ್ದೇನೆ. ಅದು ನನ್ನದಲ್ಲ, ನಿನ್ನದೂ ಅಲ್ಲ.

ಆವುಲ


ನಾಟ್ರಾಂಪಾಳ್ಯ
೧೯೪೮ ಡಿಸೆಂಬರ್ ೧೪

ಆವುಲಾ,

ನೀನು ಏಪ್ರಿಲಿನಲ್ಲಿ ಬಂದು ಅರಳಿಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಂತಾಗ ನಿನ್ನ ಕಾಲೆಳೆಯಬೇಕು ಅಂದುಕೊಂಡಿದ್ದೆ. ಮುತ್ತರಾಯಪ್ಪನವರೇ ಎದ್ದು, "ಕುಂತ್ಕಳಲಾ, ನಮ್ ಪಾಲು ನಾವು ಬುಡ್ತಿದ್ದದ್ದೇ ಅಲ್ವಾ" ಅಂದುಬಿಟ್ಟರು. ನನ್ನ ಮಾತು ಬಾಯಲ್ಲೇ ಉಳಿಯಿತು.

ಕಂದಕ ನಮ್ಮ ಹೊಲ ದಾಟಿ ಮುನಿಗಂಗಮ್ಮನ ಹೊಲದ ಕೊನೆ ಮುಟ್ಟಿತು. ಮಳೆಗೆ ಅಲ್ಲಲ್ಲಿ ಅಂಚು ಕುಸಿಯಿತು, ಊರವರೇ ಕೆತ್ತಿ ಸರಿ ಮಾಡಿದೆವು. ಈ ಕಾರ್ತಿಕದಲ್ಲಿ ನಾನೂ ಪಾಪಮ್ಮನೂ ಅಟ್ಟಣೆ ಹತ್ತಲಿಲ್ಲ. ಅವಳು ಹಾಡು ಮರೆತುಹೋಗುತ್ತದೆ ಅಂತ ಮನೆಯಲ್ಲೇ ಹಾಡುತ್ತಾಳೆ.

ನೀನು ವಾಪಸು ಕಳಿಸಿದ ತೆನೆಯನ್ನು ಬಡಿದು, ಬೀಜ ಮಾಡಿ, ಕಂದಕದಾಚೆಯ ಸಾಲುಗಳಿಗೆ ಬಿತ್ತಿದೆ. ಚೆನ್ನಾಗಿ ಬಂತು. ಇವತ್ತು ಕೊಯ್ಲು ಮುಗಿಯಿತು, ನಾಲ್ಕು ಜನರನ್ನು ಕರೆದು ನಿನ್ನ ಭಾವನನ್ನು ಮಂಚದ ಸಮೇತ ಹೊಲಕ್ಕೆ ಹೊರಿಸಿದೆ. ಅವರು ಕಂದಕವನ್ನು ನೋಡಿದರು. ಆಚೆ ನಿಂತ ರಾಗಿಯನ್ನು ನೋಡಿದರು. ಅಲ್ಲೇ, ಹೊತ್ತವರು ಬೀಡಿ ಸೇದಲು ಆ ಕಡೆ ಹೋದಾಗ, ನನಗೆ ತಡೆಯಲಾಗಲಿಲ್ಲ. ಹೋದ ವರ್ಷ ಪಾಲು ಬಿಟ್ಟಿರಲಿಲ್ಲ, ನಿಮ್ಮ ಮುಂದೆ ಸುಳ್ಳಾಡಿದೆ ಅಂದುಬಿಟ್ಟೆ. ಅತ್ತೂಬಿಟ್ಟೆ ಕಣೋ, ಈ ವಯಸ್ಸಿನಲ್ಲಿ.

ಅವರು ನನ್ನ ಕಡೆ ತಿರುಗಲಿಲ್ಲ. ಆಚೆ ಸಾಲನ್ನೇ ನೋಡುತ್ತ, "ನಂಗೆ ಅವತ್ತೇ ಗೊತ್ತಾತು ಕಣಮ್ಮಿ" ಅಂದರು. "ಬುಟ್ಟಿವ್ನಿ ಅಂತ ಬಾಯಲ್ಲಿ ಅಂದ್ಬುಟ್ಟೆ. ಹೊಸ್ಲು ಮ್ಯಾಲೆ ದೀಪ ಇಡಾಕೆ ನಿನ್ ಕೈ ಬರ್ನಿಲ್ಲ. ನಾನು ಕತ್ಲೇಲಿ ಕುಂತು ಕಾಯ್ತಾನೇ ಇದ್ದೆ."

ಒಂದು ವರ್ಷ ಗೊತ್ತಿದ್ದೂ ಕೇಳಲಿಲ್ಲ ಆ ಮನುಷ್ಯ.

ವೆಂಕಟರಾಮಪ್ಪನವರ ಮನೆಗೆ ನೀನೇ ಹೋಗು. ಅವರು ಮೆಟ್ಟಿಲು ಹತ್ತಲಿ ಅಂತ ಕಾಯಬೇಡ. ಮುಂದಿನ ಅಧಿವೇಶನಕ್ಕೆ ನಿಮ್ಮೂರಿಗೆ ಏನು ಬೇಕು ಅಂತ ನೀನು ಮತ್ತೆ ಕೇಳುವುದಾದರೆ, ಹೊಸೂರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಬೇಕು ಅಂತ ನನ್ನ ಹೆಸರಿನಲ್ಲಿ ಬರೆದುಕೊ. ನನಗೆ ಹೆಣ್ಣುಮಕ್ಕಳಿಲ್ಲ, ಆದರೂ ಬರೆದುಕೊ. ಅಪ್ಪ ನನ್ನನ್ನು ಮೂರನೇ ಕ್ಲಾಸಿಗೆ ಬಿಡಿಸದಿದ್ದರೆ ಆ ಸಭೆಯಲ್ಲಿ ನಾನೇ ನಿಂತಿರುತ್ತಿದ್ದೆ, ನಗುತ್ತಲೂ ಇರಲಿಲ್ಲ.

ಇವತ್ತು ಸಂಜೆ ಕಾಲು ತೊಳೆದು ದೀಪ ಇಟ್ಟೆ. ಅವರು ಗೋಡೆಗೆ ಒರಗಿ ನೋಡುತ್ತಿದ್ದಾರೆ. ಈ ಕಾಗದವನ್ನು ಅದರ ಬೆಳಕಿನಲ್ಲೇ ಬರೆದೆ.

ನಿನ್ನ ಅಕ್ಕ
ಮುನಿರತ್ನ